ನನಗೆ ಕೃಪೆ, ನಿಮಗೆ ಮೋಶೆ

ಯೇಸು ಬಂದ ಮೇಲೆ ಮೋಶೆಯ ಧರ್ಮಶಾಸ್ತ್ರದ ಗತಿ ಏನು? ಮನುಷ್ಯ ಉದ್ಧಾರವಾಗುವುದು ಆಜ್ಞೆ ಪಾಲಿಸಿಯೋ, ದೇವರ ಕೃಪೆಯಿಂದಲೋ? ಕ್ರೈಸ್ತ ಪಂಡಿತರು ಸುಮಾರು ಎರಡು ಸಾವಿರ ವರ್ಷಗಳಿಂದ ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ. ಅವರು ಬರೆದ ಗ್ರಂಥಗಳನ್ನು ಪೇರಿಸಿದರೆ ಸೀನಾಯ್ ಬೆಟ್ಟವೇ ನಾಚಬೇಕು. ಸಭೆಯ ಸಾಮಾನ್ಯ ಭಕ್ತರು ಮಾತ್ರ ಇದನ್ನು ಎಂದೋ ಬಗೆಹರಿಸಿಕೊಂಡು ಊಟಕ್ಕೆ ಎದ್ದಿದ್ದಾರೆ. ಕೃಪೆ ನಮಗೆ, ಧರ್ಮಶಾಸ್ತ್ರ ಪಕ್ಕದ ಮನೆಯವರಿಗೆ.

ಅನುಮಾನವಿದ್ದವರು ಯಾಜಕಕಾಂಡದ 19ನೇ ಅಧ್ಯಾಯ ತೆರೆಯಲಿ. ಮೈಮೇಲೆ ಹಚ್ಚೆ ಬೇಡ ಎನ್ನುವ 28ನೇ ವಚನಕ್ಕೆ ಯುವಜನರ ಕೂಟದಲ್ಲಿ ಭಾರಿ ಬೇಡಿಕೆ. ತೋಳಿನ ಮೇಲೆ ಶಿಲುಬೆ ಬರೆಸಿಕೊಂಡು ಬಂದ ಹುಡುಗನನ್ನು ನಿಲ್ಲಿಸಿಕೊಂಡು ಸಭೆಯ ಹಿರಿಯರು ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದಕ್ಕೆ ಒಂದೇ ಒಂದು ವಚನ ಮೇಲೆ, ಗಡ್ಡದ ಅಂಚು ಕತ್ತರಿಸಬಾರದೆಂಬ ಅಪ್ಪಣೆಯಿದೆ. ಹಿರಿಯರ ಗಲ್ಲ ಅಂದು ಬೆಳಗ್ಗೆಯಷ್ಟೇ ನುಣ್ಣಗಾಗಿದೆ. 19ನೇ ವಚನದ ಪ್ರಕಾರ ಎರಡು ಬಗೆಯ ನೂಲು ಬೆರೆತ ಬಟ್ಟೆ ತೊಡುವಂತಿಲ್ಲ. ಅವರ ಅಂಗಿ ಅಪ್ಪಟ ಟೆರಿಕಾಟ್. ಹುಡುಗ ಅದನ್ನು ತೋರಿಸಿದರೆ, "ಅದೆಲ್ಲ ಹಳೆಯ ಒಡಂಬಡಿಕೆ ಮಗಾ, ನಾವೀಗ ಕೃಪೆಯಲ್ಲಿದ್ದೇವೆ" ಎಂಬ ಉತ್ತರ ಸಿದ್ಧ. ಗಡ್ಡಕ್ಕೆ ಬಿಡುಗಡೆಯಾಯಿತು, ಅಂಗಿಗೂ ಆಯಿತು. ಹಚ್ಚೆಯ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಅದೇ ಅಧ್ಯಾಯದ 13ನೇ ವಚನದಲ್ಲಿ ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ಇಟ್ಟುಕೊಳ್ಳಬೇಡ ಎಂದಿದೆ. ಅದರ ಮೇಲೆ ಪ್ರಸಂಗ ಕೇಳಿದವರು ಕೈ ಎತ್ತಿ. ಪೊರೆಯಿಲ್ಲದ ಜಲಚರ ತಿನ್ನಬಾರದೆಂಬ 11ನೇ ಅಧ್ಯಾಯವನ್ನು ಮಂಗಳೂರಿನಲ್ಲಿ ಸೀಗಡಿ ಸುಕ್ಕದ ಜೊತೆ ಕಲಸಿ ಉಂಡಾಗಿದೆ. ಮಲಾಕಿಯ ಪುಸ್ತಕದಲ್ಲಿರುವ ದಶಮಾಂಶ ಮಾತ್ರ ಒಂದು ಪೈಸೆಯೂ ಸವೆದಿಲ್ಲ. ಅದೂ ಹಳೆಯ ಒಡಂಬಡಿಕೆಯೇ, ಆದರೆ ಅದಕ್ಕೆ ಕ್ಯೂಆರ್ ಕೋಡ್ ಬಂದಿದೆ.

ಇದು ಬರೀ ನಮ್ಮೂರಿನ ಹಿರಿಯರ ಜಾಣ್ಮೆ ಎಂದುಕೊಳ್ಳಬೇಡಿ. ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದಲೇ, ಕೃಪೆಯಿಂದಲೇ ಎಂದು ಯುರೋಪನ್ನು ಅಲುಗಾಡಿಸಿದ ಮಾರ್ಟಿನ್ ಲೂಥರನನ್ನೇ ನೋಡಿ. ಅವನ ಆಪ್ತ ಯೊಹಾನ್ ಅಗ್ರಿಕೋಲ ಆ ಮಾತನ್ನೇ ಇನ್ನಷ್ಟು ಎಳೆದು, ದಶಾಜ್ಞೆಗಳಿಗೆ ಕಚೇರಿಯಲ್ಲಿ ಜಾಗವಿರಲಿ, ಪ್ರಸಂಗಪೀಠದಲ್ಲಿ ಬೇಡ ಎಂದ. ಲೂಥರ್ ಕೆಂಡಾಮಂಡಲವಾಗಿ 1539ರಲ್ಲಿ ಅವನ ಪಂಥದ ವಿರುದ್ಧ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಆಜ್ಞೆಯಿಲ್ಲದೆ ಪಾಪದ ಅರಿವಿಲ್ಲ, ಪಾಪದ ಅರಿವಿಲ್ಲದವನಿಗೆ ಕೃಪೆಯ ಗರಜೂ ಇಲ್ಲ ಎಂಬುದು ಅವನ ವಾದ. ತರ್ಕ ಚೊಕ್ಕವಾಗಿಯೇ ಇದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಹೆಸ್ಸೆಯ ದೊರೆ ಫಿಲಿಪ್ಪನ ಬಿನ್ನಹ ಬಂತು. ಮನೆಯಲ್ಲಿ ಹೆಂಡತಿ ಇದ್ದಾಳೆ, ಇನ್ನೊಬ್ಬಳು ಬೇಕು. ಫಿಲಿಪ್ಪ ಲೂಥರನ ಸುಧಾರಣೆಗೆ ಬೆನ್ನೆಲುಬಾಗಿದ್ದ ದೊರೆ. ಹಿಂದೆ ಅಬ್ರಹಾಮ, ಯಾಕೋಬರಿಗೂ ಹಲವು ಹೆಂಡಿರಿದ್ದರಲ್ಲ! ಗುಟ್ಟಾಗಿರಲಿ ಎಂಬ ಷರತ್ತಿನ ಮೇಲೆ ಲೂಥರನೂ ಅವನ ಸಹೋದ್ಯೋಗಿ ಮೆಲಾಂಕ್ತನನೂ ಅಸ್ತು ಎಂದರು. 1540ರ ಮಾರ್ಚಿನಲ್ಲಿ ಓಲಗವಿಲ್ಲದ ಮದುವೆ ಮುಗಿಯಿತು. ಗುಟ್ಟು ರಟ್ಟಾದಾಗ, ಸಭೆಯ ಹಿತಕ್ಕಾಗಿ ಗಟ್ಟಿ ಸುಳ್ಳೊಂದನ್ನು ಹೇಳಿಬಿಡಿ ಎಂಬುದು ಲೂಥರನ ಸಲಹೆ. 1525ರಲ್ಲಿ ಜರ್ಮನಿಯ ರೈತರು ದಂಗೆಯೆದ್ದಾಗ ಅವರನ್ನು ಕಡಿದುಹಾಕಿ ಎಂದು ದೊರೆಗಳಿಗೆ ಬರೆದದ್ದು ಇದೇ ಲೇಖನಿ. ದುಡಿಯುವವನಿಗೆ ಕತ್ತಿ, ಆಳುವವನಿಗೆ ವಿನಾಯಿತಿ. ಶಾಸ್ತ್ರಕ್ಕೂ ದೊಡ್ಡವರ ಮನೆಯ ಗೇಟು ಕಂಡರೆ ಅಳುಕು.

ಕೃಪೆಯ ಬಗ್ಗೆ ಅಪೊಸ್ತಲ ಪೌಲ ಹೇಳಿದ್ದು ಇದಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಸುನ್ನತಿಯಿಲ್ಲದ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದೊಡನೆ ಮೆಲ್ಲಗೆ ಎದ್ದು ಬೇರೆ ಪಂಕ್ತಿ ಹಿಡಿದ. ಪೌಲ ಎಲ್ಲರೆದುರೇ ಅವನ ಮುಖದ ನೀರಿಳಿಸಿದ. ಕೃಪೆಯ ಕುರಿತು ಅವನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಪಂಕ್ತಿಭೇದದ ಜಗಳವೇ ವಾದಕ್ಕೆ ಮೆಟ್ಟಿಲು. ಧರ್ಮಶಾಸ್ತ್ರ ಎಲ್ಲರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುತ್ತದೆ, ಕೃಪೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಎರಡನ್ನೂ ಒಪ್ಪಿಕೊಂಡರೆ 'ನಾನು ಮೇಲು' ಎನ್ನಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಎರಡನ್ನೂ ಬಿಡಿಬಿಡಿಯಾಗಿ ಬಟವಾಡೆ ಮಾಡುವುದು ನಮಗಿಷ್ಟ.

1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಕೃಪೆಯ ವಿಷಯದಲ್ಲಿ ಮೂಲತಃ ನಮಗೆ ಭಿನ್ನಾಭಿಪ್ರಾಯವಿಲ್ಲವೆಂದು ಸಹಿ ಹಾಕಿದರು. ಪ್ರಭುಭೋಜನದ ಪಂಕ್ತಿ ಮಾತ್ರ ಇಂದಿಗೂ ಬೇರೆ ಬೇರೆ. ನಮ್ಮ ಕಡೆ ಸತ್ತವರಿಗೂ ಪಂಕ್ತಿಯುಂಟು. ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರ್ಪಡಿಸಲು ಗೋಡೆ ಕಟ್ಟಿದ್ದರು. ಅದನ್ನು ಕೆಡವಿ ಎಂದು ದಲಿತರು ವರ್ಷಗಟ್ಟಲೆ ಹೋರಾಡಿದರು. ಯೆಹೂದ್ಯರು ಎಣಿಸಿಟ್ಟ 613 ಆಜ್ಞೆಗಳನ್ನು ಜಾಲಾಡಿದರೂ ಅಂಥ ಗೋಡೆಗೆ ಆಧಾರ ಸಿಗುವುದಿಲ್ಲ. ಕೃಪೆಯ ಹೆಸರಿನಲ್ಲಿ ಮೋಶೆಯನ್ನು ನಿವೃತ್ತಿಗೊಳಿಸಿದವರು ಮನುವನ್ನು ಮಾತ್ರ ಸತ್ತ ಮೇಲೂ ಸೇವೆಯಲ್ಲಿ ಮುಂದುವರಿಸಿದ್ದಾರೆ.