ಸಮಯ ಸರಿಯಿಲ್ಲ

ಕುಮಟಾದ ಮನೆಯೊಂದರಲ್ಲಿ ಕಂಪ್ಯೂಟರು ದಿನವೂ ಬೆಳಿಗ್ಗೆ ‘ಸಮಯ ಸರಿಯಿಲ್ಲ, ಮುಂದುವರಿಯಲು ಎಫ್‌1 ಒತ್ತಿ’ ಎಂದು ಘೋಷಿಸುತ್ತಿದ್ದುದರಿಂದ, ಯಜಮಾನರಾದ ಹೆಗಡೆಯವರು ಮೊದಲು ಜ್ಯೋತಿಷಿಯನ್ನೂ, ಫಲ ಕಾಣದಿದ್ದಾಗ ಹೊನ್ನಾವರದ ರಿಪೇರಿ ಹುಡುಗನನ್ನೂ ಕರೆಸಿದರು.

“ಗೋಕರ್ಣದಲ್ಲಿ ಶಾಂತಿ ಮಾಡಿಸಿದ ಮೇಲೂ ಸಮಯ ಸರಿಯಿಲ್ಲವಂತೆ, ತಮ್ಮಾ.”

“ಹೆಗಡೇರೇ, ಬಿಡಿಭಾಗಗಳನ್ನೆಲ್ಲ ಜೋಡಿಸುವ ಹಲಗೆಯಾದ ಮದರ್‌ಬೋರ್ಡಿನ ಮೇಲೆ, ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವ, ಸಿಆರ್‌2032 ಎಂಬ 3 ವೋಲ್ಟಿನ ಬಿಲ್ಲೆಯಾಕಾರದ ಬ್ಯಾಟರಿಯಿರುತ್ತದೆ; ಅದು ಸತ್ತಿದೆ.”

“ಸತ್ತಿದೆಯೇ! ಸೂತಕ ಎಷ್ಟು ದಿನ?”

“ಹೊಸದು ಹಾಕಿದರೆ ಮುಗಿಯಿತು.”

“ಭಟ್ಕಳದವನು ಎರಡು ಸಲ ಫಾರ್ಮ್ಯಾಟ್ ಮಾಡಿದ್ದನಲ್ಲ?”

ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಸಿದ್ಧಗೊಳಿಸುವ ಕ್ರಿಯೆ. ರಿಪೇರಿ ಅಂಗಡಿಗಳಲ್ಲಿ ನೆಗಡಿಯಿಂದ ಮರಣದವರೆಗೆ ಎಲ್ಲಕ್ಕೂ ಅದೇ ಕಷಾಯ.

“ಗಡಿಯಾರ ಡಿಸ್ಕಿನಲ್ಲಿ ಇರುವುದೇ ಇಲ್ಲ, ಹೆಗಡೇರೇ.”

“ಓಹೋ, ಅದನ್ನು ಹುಡುಕುವುದಕ್ಕೇ ಮಗಳ ಮದುವೆಯ ಫೋಟೋಗಳನ್ನೆಲ್ಲ ಸರಿಸಿದನೇನೋ. ಬ್ಯಾಂಕಿನ ತಾಣವೂ ತೆರೆಯುವುದಿಲ್ಲ.”

“ತಾಣದ ಗುರುತನ್ನು ದೃಢಪಡಿಸುವ ಪ್ರಮಾಣಪತ್ರಕ್ಕೆ ನಿಗದಿತ ಅವಧಿಯಿರುತ್ತದೆ, ಈ ಯಂತ್ರದ ಲೆಕ್ಕದಲ್ಲಿ ಇನ್ನೂ 2009 ನಡೆಯುತ್ತಿರುವುದರಿಂದ ಅದು ಹೊಂದುವುದಿಲ್ಲ. ಬ್ಯಾಟರಿ ಹಾಕಲೇ?”

“ತಡಿ, ತಡಿ! ಸಾಲ ತೆಗೆದದ್ದು 2015ರಲ್ಲಿ.”