ತಾರಸಿಗೆ ತಗಡಿನ ಟೋಪಿ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವವರು ದಾರಿಯ ಹೊಸ ಮನೆಗಳನ್ನು ಒಮ್ಮೆ ನೋಡಿ. ಕೆಳಗೆ ಆರ್‌ಸಿಸಿ ತಾರಸಿ, ಅದರ ಮೇಲೆ ಕಬ್ಬಿಣದ ಕಂಬ, ಕಂಬದ ಮೇಲೆ ನೀಲಿ ಶೀಟು. ಒಂದೇ ಮನೆಗೆ ಎರಡು ಮಾಡು. ಮೊದಲನೆಯದು ಮೇಸ್ತ್ರಿಯ ಮಾತು ನಂಬಿ ಹಾಕಿಸಿದ್ದು, ಎರಡನೆಯದು ಒಂದು ಮಳೆಗಾಲ ಕಳೆದು ಬುದ್ಧಿ ಬಂದ ಮೇಲೆ ಹಾಕಿಸಿದ್ದು. ಆಗುಂಬೆಗೆ ಹೆಚ್ಚೋ ಹುಲಿಕಲ್ಲಿಗೆ ಹೆಚ್ಚೋ ಎಂದು ಮಳೆಯೇ ಪಂದ್ಯ ಕಟ್ಟುವ ಸೀಮೆ ಇದು. ಆದರೂ ನೀರು ಮೇಲಿಂದ ಬೀಳುತ್ತದೆ ಎಂಬುದು ನಮ್ಮ ಕಂಟ್ರಾಕ್ಟರಿಗೆ ಪ್ರತಿ ಜೂನ್‌ನಲ್ಲೂ ಹೊಸ ಸುದ್ದಿ.

"ಮೇಸ್ತ್ರಿಗಳೇ, ಕ್ಯೂರಿಂಗ್?"

"ಎಂತಕ್ಕೆ ಹೆಗಡೇರೇ, ಮಳೆ ಬರ್ತದಲ್ಲ!"

ಮನೆ ಕಟ್ಟಿಸುವವನಿಗೆ ಇ-ಸ್ವತ್ತು ಬೇಕು, ಪಂಚಾಯ್ತಿಯ ಪರವಾನಗಿ ಬೇಕು. ಮೆಸ್ಕಾಂ ಮೀಟರು ಕೂರಬೇಕಾದರೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರನ ಸಹಿ ಬೇಕು. ಲೋಕೋಪಯೋಗಿ ಇಲಾಖೆಯ ಮೋರಿ ಕಟ್ಟುವವನಿಗೂ ದರ್ಜೆವಾರು ನೋಂದಣಿಯಿದೆ. ಸಾವಿರ ಚದರಡಿಯ, ಐದಿಂಚು ದಪ್ಪದ ತಾರಸಿ ಹತ್ತಿರ ಹತ್ತಿರ 30 ಟನ್ ತೂಗುತ್ತದೆ. ಅಷ್ಟನ್ನು ನಮ್ಮ ಹೆಂಡತಿ-ಮಕ್ಕಳ ತಲೆಯ ಮೇಲೆ ನಿಲ್ಲಿಸುವವನಿಗೆ ಮಾತ್ರ ಒಂದು ಬೈಕು, ಒಂದು ಮೊಬೈಲು, ಬಾಡಿಗೆ ಸೆಂಟ್ರಿಂಗ್ ಸಾಮಾನು ಇದ್ದರೆ ಸಾಕು. ಆಯ ನೋಡಲು ಜೋಯಿಸರಿದ್ದಾರೆ, ಬೀಮು ನೋಡಲು ಯಾರೂ ಇಲ್ಲ.

2016ರ ರೇರಾ ಕಾಯ್ದೆ ಇದೆಯಲ್ಲ ಅನ್ನುವವರಿದ್ದಾರೆ. ಅದು ಕಟ್ಟಿ ಮಾರುವವರ ಕಾಯ್ದೆ. ಅದರಲ್ಲೂ 500 ಚದರ ಮೀಟರಿನೊಳಗಿನ ಜಾಗಕ್ಕೆ ನೋಂದಣಿಯ ಗೊಡವೆಯೇ ಇಲ್ಲ. ನಿಮ್ಮ ಜಾಗದಲ್ಲಿ ನಿಮ್ಮ ಅಡಿಕೆ ದುಡ್ಡಿನಲ್ಲಿ ಕಟ್ಟಿಸಿದ ಮನೆ ಅದರ ಕಣ್ಣಿಗೆ ಬೀಳುವುದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು, ನಿಜ. ಆದರೆ ಕರಾರು ಆಗಿದ್ದು ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ; ಆ ಪ್ಯಾಕೂ ಮೇಸ್ತ್ರಿಯ ಜೇಬಿನಲ್ಲೇ ಉಳಿಯಿತು.

ಕೆನಡಾದ ಬ್ರಿಟಿಷ್ ಕೊಲಂಬಿಯಾವೂ ಮಳೆಯ ಸೀಮೆಯೇ. ಅಲ್ಲಿ ಸಾಲುಸಾಲು ಅಪಾರ್ಟ್‌ಮೆಂಟುಗಳು ಸೋರಿದಾಗ ಯಾರೂ ಶೀಟು ಹುಡುಕಿಕೊಂಡು ಹೊರಡಲಿಲ್ಲ. 1998ರಲ್ಲಿ ಕಾನೂನು ತಂದು ಮನೆ ಕಟ್ಟುವ ಕಂಟ್ರಾಕ್ಟರಿಗೆ ಲೈಸೆನ್ಸ್ ಕಡ್ಡಾಯ ಮಾಡಿದರು. ಹೊಸ ಮನೆಗೆ ವಿಮೆಯ ಖಾತ್ರಿಯನ್ನೂ ಸೇರಿಸಿದರು: ಕೆಲಸ-ಸಾಮಗ್ರಿಗೆ 2 ವರ್ಷ, ನೀರು ಒಳಗೆ ಬಂದರೆ 5, ಕಟ್ಟಡದ ಬಲಕ್ಕೆ 10. ಹಲ್ಲಿರುವುದು ಆ ವಿಮೆಗೆ. ನೆಟ್ಟಗೆ ಕೆಲಸ ಮಾಡುವ ಮೇಸ್ತ್ರಿಗಳು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಇಂಥದ್ದೊಂದು ಬಂದರೆ ಅರ್ಧ ರೇಟಿನವನ ಎದುರು ಸೋಲುವುದು ಅವರಿಗೂ ತಪ್ಪೀತು.

ವಿಮೆಯಿಲ್ಲದ ಬರೀ ಲೈಸೆನ್ಸ್ ಬಂದರೆ ಏನಾಗುತ್ತದೆ ಎಂದು ಹೇಳಲು ಜೋಯಿಸರು ಬೇಡ. ಕಚೇರಿಯೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ರೇಟು ಏರುತ್ತದೆ. ಕಾರ್ಡು ಸಾಗರದವನದು, ಸಹಿ ಹೊಸನಗರದವನದು, ತಾರಸಿ ಹಾಕಿದವನು ತೀರ್ಥಹಳ್ಳಿಯಲ್ಲಿ ಫೋನ್ ಸ್ವಿಚ್ ಆಫ್ ಮಾಡಿಕೊಂಡಿರುತ್ತಾನೆ.