ಪಾಲುಪಟ್ಟಿ ಇಲ್ಲದೆ ಪಾಲಾದ ಮನೆ

ನಮ್ಮ ಮನೆ ಪಾಲಾಗಿದೆ ಎಂಬುದು ಪ್ರಿಂಟರು ಮುನಿಸಿಕೊಳ್ಳುವ ತನಕ ಯಾರಿಗೂ ಗೊತ್ತಿರಲಿಲ್ಲ. ಕೆಳಗೆ ಅಪ್ಪ-ಅಮ್ಮ, ಮಹಡಿಯಲ್ಲಿ ನಾವು. ಅಡುಗೆ ಒಂದೇ, ಕರೆಂಟ್ ಬಿಲ್ಲು ಒಂದೇ. ವೈಫೈ ಕೂಡ ಒಂದೇ ಎಂದು ನಂಬಿ ಹಾಯಾಗಿದ್ದೆವು.

ಫೈಬರ್‌ನವರು ಕೂರಿಸಿದ ಡಬ್ಬಿ ಕೆಳಗಿನ ಹಾಲಿನಲ್ಲಿದೆ. ಅದರ ಸಿಗ್ನಲ್ಲು ಆರ್‌ಸಿಸಿ ದಾಟಿ ಮೇಲೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ದಸರಾ ರಜೆಗೆ ಬಂದ ತಮ್ಮ ಇನ್ನೊಂದು ರೌಟರ್ ತಂದು, ಕೆಳಗಿಂದ ವೈರ್ ಎಳೆದು ಮಹಡಿಯಲ್ಲಿ ಹಚ್ಚಿದ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. "ಇನ್ನು ಎಲ್ಲಿ ಓಡಾಡಿದರೂ ತಾನಾಗೇ ಹಿಡಿಯುತ್ತೆ" ಎಂದು ಹೇಳಿ ಊರು ಬಿಟ್ಟ. ನೋಡುವವರ ಕಣ್ಣಿಗೆ ಅಚ್ಚುಕಟ್ಟಾದ ಅವಿಭಕ್ತ ಕುಟುಂಬ.

ನವೆಂಬರ್ ಬಂತು. ಪೆನ್ಷನ್‌ದಾರರು ತಾವಿನ್ನೂ ಬದುಕಿದ್ದೇವೆಂದು ಕಾಗದ ತೋರಿಸುವ ತಿಂಗಳು. ಅಪ್ಪ ಕೆಳಗಿನ ಸೋಫಾದಲ್ಲಿ ಕೂತು ಮಹಡಿಯ ಪ್ರಿಂಟರಿಗೆಂದು ಫೋನಿನಿಂದ ಪ್ರಿಂಟ್ ಒತ್ತಿದರೆ, ಪ್ರಿಂಟರೇ ಇಲ್ಲ ಎಂದಿತು. ಮಂಡಿ ಹಿಡಿದುಕೊಂಡು ಮಹಡಿ ಹತ್ತಿ ಬಂದು ಒತ್ತಿದರು. ಗರಗರ ಎಂದು ಹಾಳೆ ಬಂತು. ಇಳಿದು ಹೋಗಿ ಎರಡನೇ ಪ್ರತಿ ತೆಗೆಯಹೋದರೆ ಮತ್ತೆ ಇಲ್ಲ.

"ನಾನು ಮೇಲೆ ಬಂದು ಮುಖ ತೋರಿಸಿದರೇನೇ ಕೊಡ್ತದೆ ಕಣೋ ಇದು. ಬದುಕಿದ್ದೀನಿ ಅನ್ನೋದಕ್ಕೆ ಬ್ಯಾಂಕಿಗಿಂತ ಮೊದಲು ಇದಕ್ಕೇ ಸಾಕ್ಷಿ ಬೇಕೇನೋ!"

ಆಫ್ ಮಾಡಿ ಆನ್ ಮಾಡುವ ಶಾಸ್ತ್ರ ಮುಗಿಯಿತು. ಇಂಕ್ ನೋಡು ಎಂದು ಅಮ್ಮ ಹೇಳಿದ್ದೂ ಆಯಿತು. ಕೊನೆಗೆ ಪ್ರಿಂಟರಿನ ಗುಂಡಿ ಒತ್ತಿ ಹಿಡಿದು ಅದರದೇ ಜಾತಕದ ಹಾಳೆ ತೆಗೆಸಿದೆ. ವಿಳಾಸ 192.168.0.105. ಅಪ್ಪನ ಫೋನಿನದು 192.168.1.7. ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವೀಸು ಸವೆಸಿದವರು. ಕನ್ನಡಕ ಏರಿಸಿ, ಹಾಳೆಯನ್ನೂ ಫೋನನ್ನೂ ಅಕ್ಕಪಕ್ಕ ಇಟ್ಟು, ಬೆರಳಿಟ್ಟು ಅಂಕಿಗೆ ಅಂಕಿ ತಾಳೆ ನೋಡಿ, "ಮೂರನೇದು ಬೇರೆ ಇದೆಯಲ್ಲೋ" ಎಂದರು. ಇಂಜಿನಿಯರ್ ಮಗನ ಕೈಲಿ ಆಗದ್ದು ಅಲ್ಲಿಗೆ ಆಯಿತು.

ಸಂಗತಿ ಇಷ್ಟೆ. ಮನೆಯೊಳಗಿನ ಎರಡು ಡಬ್ಬಿಗಳೂ ತಾನೇ ಯಜಮಾನ ಎಂದುಕೊಂಡು ವಿಳಾಸ ಹಂಚುತ್ತಿದ್ದವು. ಕೆಳಗಿನದು 1ರ ಸಾಲಿನಲ್ಲಿ, ಮೇಲಿನದು ಸೊನ್ನೆಯ ಸಾಲಿನಲ್ಲಿ. 255.255.255.0 ಎಂಬ ಸಬ್‌ನೆಟ್ ಮಾಸ್ಕ್ ಹೇಳುವುದು, ಮೊದಲ ಮೂರು ಅಂಕಿ ತಾಳೆಯಾದರೆ ನಮ್ಮವರು, ಇಲ್ಲದಿದ್ದರೆ ಹೊರಗಿನವರು ಅಂತ. ಪ್ರಿಂಟರ್ ಯಾರಾದರೂ ಇದ್ದೀರಾ ಎಂದು ಫೋನು 224.0.0.251 ಎಂಬ ವಿಳಾಸಕ್ಕೆ ಕೂಗುತ್ತದೆ. ಆ ಕೂಗು ರೌಟರ್ ದಾಟುವುದಿಲ್ಲ. ಹೋಗಲಿ ಎಂದು ಪ್ರಿಂಟರಿನ ವಿಳಾಸವನ್ನು ಕೈಯಾರೆ ಬರೆದುಕೊಟ್ಟರೂ ಕೆಲಸ ಕೆಟ್ಟಿತು. ತಲೆ ಮೇಲಿನ ಕೋಣೆಗೆ ಹೋಗಬೇಕಾದದ್ದನ್ನು ಕೆಳಗಿನ ಡಬ್ಬಿ ಹೆಬ್ಬಾಗಿಲಿನಿಂದ ಇಂಟರ್ನೆಟ್ ಕಡೆಗೆ ಅಟ್ಟುತ್ತಿತ್ತು. 192.168 ಎಂಬುದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆಯ ಪ್ರಕಾರ ಖಾಸಗಿ ವಿಳಾಸ. ಹೊರಗೆ ಅದಕ್ಕೆ ಕಿಮ್ಮತ್ತಿಲ್ಲ, ದಾರಿಯಲ್ಲೇ ಬಿಸಾಡುತ್ತಾರೆ. ಪಕ್ಕದ ಮನೆಯಲ್ಲೂ ಇದೇ ನಂಬರ್ ಇರಬಹುದು ಎಂದಾಗ ಅಪ್ಪ ಹೌಹಾರಿದರು. "ಊರಿಗೆಲ್ಲ ಒಂದೇ ಸರ್ವೆ ನಂಬರೇ?"

ಇನ್ನೂ ಸೋಜಿಗವೆಂದರೆ, ಮಹಡಿಯ ಲ್ಯಾಪ್‌ಟಾಪಿನಿಂದ ಅಪ್ಪನ ಫೋನಿಗೆ ಪಿಂಗ್ ಮಾಡಿದರೆ ಠಣ್ಣನೆ ಉತ್ತರ ಬರುತ್ತಿತ್ತು. ಮೈಕ್ ಮೂಸ್ ಎಂಬಾತ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಮು ಅದು. ಇದ್ದೀಯಾ ಎಂದು ಕೇಳುವುದಷ್ಟೇ ಅದರ ಕಸುಬು. ಅಂದರೆ ಮೇಲಿನವರಿಗೆ ಕೆಳಗಿನವರು ಕಾಣುತ್ತಾರೆ, ಕೆಳಗಿನವರಿಗೆ ಮೇಲಿನವರು ಕಾಣರು. ಒಳಗಿನವರ ವಿಳಾಸ ಮರೆಸಿ ತನ್ನದನ್ನೇ ಹಚ್ಚಿ ಕಳಿಸುವ, ಮೇಲಿನ ರೌಟರಿನ ನ್ಯಾಟ್‌ನ ಮಹಿಮೆ. ಅಪ್ಪನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಸರ್ಕಾರಿ ನೌಕರಿ ಮಾಡಿದವರು.

"ಪಾಲುಪಟ್ಟಿ ಯಾವಾಗ ಬರೆಸಿದಿರೋ? ನನ್ನ ಸಹಿ ಎಲ್ಲಿ?" ಎಂದಷ್ಟೇ ಕೇಳಿದರು.

ತಮ್ಮನಿಗೆ ಫೋನ್ ಹಚ್ಚಿದೆ. ಮೇಲಿನ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆವು. ಹಾಗೆ ಮಾಡಿದರೆ ಅದು ವಿಳಾಸ ಹಂಚುವ ಯಜಮಾನಿಕೆ ಬಿಟ್ಟು ವೈಫೈ ಬಡಿಸಿಕೊಂಡು ಇರುತ್ತದೆ. ಆ ಮೋಡ್ ಇಲ್ಲದ ರೌಟರಾದರೆ ಅದಕ್ಕೆ ಕೆಳಗಿನ ಸಾಲಿನದೇ ಒಂದು ಖಾಲಿ ನಂಬರ್ ಕೊಟ್ಟು, ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ವೈರನ್ನು ವ್ಯಾನ್ ತೂತಿನಿಂದ ಕಿತ್ತು ಲ್ಯಾನ್ ತೂತಿಗೆ ಸಿಕ್ಕಿಸಬೇಕು. ಕರೆಂಟ್ ಹೋಗಿ ಬಂದಾಗ ಪ್ರಿಂಟರಿನ ನಂಬರ್ ಬದಲಾಗದಿರಲೆಂದು ಕೆಳಗಿನ ಡಬ್ಬಿಯಲ್ಲಿ 192.168.1.50 ಅನ್ನು ಅದಕ್ಕೇ ಕಾಯ್ದಿರಿಸಿದ್ದೂ ಆಯಿತು. ಈಗ ಅಪ್ಪ ಸೋಫಾದಿಂದ ಏಳದೆ ಪ್ರಿಂಟ್ ಒತ್ತುತ್ತಾರೆ. ವಾಟ್ಸ್ಯಾಪಿನಲ್ಲಿ ಬಂದ ಮನೆಮದ್ದೆಲ್ಲ ಕಾಗದಕ್ಕೆ ಇಳಿದು, ರೀಮುಗಟ್ಟಲೆ ಖರ್ಚು ನನ್ನ ತಲೆಗೆ ಬಂದಿದೆ. ಹಾಳೆ ತಂದುಕೊಡಲು ಮೆಟ್ಟಿಲು ಇಳಿಯುವವನೂ ನಾನೇ.

ನಿಮ್ಮ ಮನೆಯಲ್ಲೂ ಎರಡನೇ ಡಬ್ಬಿ ಇದ್ದರೆ, ರಿಪೇರಿಯವನನ್ನು ಕರೆಯುವ ಮೊದಲು ಎರಡೂ ಕಡೆಯ ವಿಳಾಸ ತಾಳೆ ನೋಡಿ. ಮೂರನೇ ಅಂಕಿ ಬೇರೆ ಇದ್ದರೆ ಪ್ರಿಂಟರನ್ನು ಬಯ್ಯಬೇಡಿ.